ಮನೆ ಬಿಡುವ ಮೊದಲು ಲೆಕ್ಕ ಕೇಳಿರಿ



ನವೆಂಬರ್ ತಿಂಗಳು ಸಮೀಪಿಸಿತೆಂದರೆ ನಮ್ಮ ಕಲಬುರಗಿ ಸೀಮೆಯಲ್ಲಿ ಎರಡು ಬಾವುಟಗಳ ಮಾತು ಕೇಳಿಬರುತ್ತದೆ. ಒಂದು, ಊರೂರಿನ ಚೌಕಗಳಲ್ಲಿ ಹಾರುವ ಹಳದಿ-ಕೆಂಪು ಬಾವುಟ. ಇನ್ನೊಂದು, ಪ್ರತ್ಯೇಕ ರಾಜ್ಯ ಬೇಕೆನ್ನುವವರು ಕಲಬುರಗಿ ನಗರದಲ್ಲಿ ಹಾರಿಸಲು ಹೊರಟು, ಪೊಲೀಸರು ತಡೆದು ವ್ಯಾನು ಹತ್ತಿಸುವುದರೊಂದಿಗೆ ಮುಗಿಯುವ ಬಾವುಟ. ಮರುದಿನದ ಪತ್ರಿಕೆಯಲ್ಲಿ ಎರಡರ ಚಿತ್ರವೂ ಅಚ್ಚಾಗುತ್ತದೆ. ಇವೆರಡರ ನಡುವೆ ನಿಂತ ಸಾಮಾನ್ಯ ಮತದಾರನ ಚಿತ್ರ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಅವನಿಗೆ ಮಾತು ಬಾರದೆಂದು ತಿಳಿಯಬೇಡಿರಿ. ರಾವೂರಿನ ಗುಡಿಯ ಕಟ್ಟೆ, ವಾಡಿ ಜಂಕ್ಷನ್ನಿನ ಹೊರಗಿನ ಚಹಾದ ಹೋಟೆಲು, ಚಿತ್ತಾಪುರದ ಬಸ್ಸು, ಇವೇ ನಮ್ಮ ಜನರ ವಿಧಾನಸಭೆಗಳು. ಕಲ್ಲುಗಣಿಯಲ್ಲಿ ದುಡಿಯುವವನೊಬ್ಬ, "ಬೆಂಗಳೂರದವ್ರಿಗಿ ನಮ್ಮ ಊರಿನ ಹೆಸರೇ ಗೊತ್ತಿಲ್ರಿ ಸರ, ಬ್ಯಾರೆ ಆಗೋದೇ ಚಲೋ" ಎನ್ನುತ್ತಾನೆ. ಪಕ್ಕದಲ್ಲಿ ಕುಳಿತ ತೊಗರಿ ಬೆಳೆಯುವ ರೈತ, "ಬ್ಯಾರೆ ಆದ್ರ ತೊಗರಿಗಿ ರೇಟು ಹೆಚ್ಚಾತದೇನು? ಅದು ದಿಲ್ಲಿದವ್ರ ಕೈಯಾಗದ" ಎಂದು ತಿರುಗಿ ಕೇಳುತ್ತಾನೆ. ಮಗನನ್ನು ಕಟ್ಟಡದ ಕೆಲಸಕ್ಕೆ ಕಳಿಸಿರುವ ತಾಯಿಯೊಬ್ಬಳಿಗೆ ಬೇರೆಯದೇ ಚಿಂತೆ: "ನಮ್ಮ ಹುಡುಗ ಬೆಂಗಳೂರಾಗ ದುಡಿತಾನ್ರಿ. ಬ್ಯಾರೆ ರಾಜ್ಯ ಆದ್ರ ಅಂವಗ ಅಲ್ಲಿ ಇರ್ಲಾಕ ಬಿಡ್ತಾರೋ ಇಲ್ಲೋ?" ಈ ಮೂವರ ಮಾತಿನಲ್ಲಿರುವ ತೂಕ ವೇದಿಕೆಯ ಭಾಷಣಗಳಲ್ಲಿ ನನಗೆ ಕಂಡಿಲ್ಲ.

ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರು, "ಸರ, ಈ ವಿಷಯದಾಗ ನಿಮ್ಮ ಅಭಿಪ್ರಾಯ ಏನ್ರಿ?" ಎಂದು ಕೇಳಿದ್ದೀರಿ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕರ್ನಾಟಕವನ್ನು ಬಿಟ್ಟು ಹೋಗುವುದು ನಮಗೆ ನಷ್ಟದ ವ್ಯವಹಾರ. ಆದರೆ ಏಕತೆಯ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಲು ಬರುವವರ ಪಂಕ್ತಿಯಲ್ಲಿಯೂ ನಾನು ಕೂಡುವವನಲ್ಲ. ಒಬ್ಬರು ಗಡಿಯನ್ನು ತೋರಿಸಿ, ಇನ್ನೊಬ್ಬರು ಭಾವನೆಯನ್ನು ತೋರಿಸಿ ನಮ್ಮಿಂದ ಅಡಗಿಸುತ್ತಿರುವುದು ಒಂದೇ ವಸ್ತು. ಅದು ಲೆಕ್ಕದ ಪುಸ್ತಕ.

ಮೊದಲು ಇತಿಹಾಸವನ್ನು ಸ್ವಲ್ಪ ನೆನೆಯೋಣ. ಸಮಾಜ ವಿಜ್ಞಾನದ ಮೇಷ್ಟರು ಇಷ್ಟಾದರೂ ಮಾಡದಿದ್ದರೆ ಹೇಗೆ? 1948ರ ಸೆಪ್ಟೆಂಬರ್ 17ರಂದು ನಿಜಾಮನ ಹೈದರಾಬಾದು ಸಂಸ್ಥಾನ ಭಾರತದ ಒಕ್ಕೂಟಕ್ಕೆ ಶರಣಾಯಿತು. ನಮಗೆ ಸ್ವಾತಂತ್ರ್ಯದ ಬೆಳಕು ಕಂಡದ್ದು ದೇಶದ ಉಳಿದವರಿಗಿಂತ ಹದಿಮೂರು ತಿಂಗಳು ತಡವಾಗಿ. ಎಂಟು ವರ್ಷಗಳ ನಂತರ, 1956ರ ನವೆಂಬರ್ 1ರಂದು, ಆ ರಾಜ್ಯವನ್ನು ಭಾಷೆಯ ಆಧಾರದ ಮೇಲೆ ಮೂರು ಪಾಲು ಮಾಡಿದರು. ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬಯಿ ರಾಜ್ಯಕ್ಕೆ, ಕನ್ನಡ ಭಾಗ ಮೈಸೂರಿಗೆ ಸೇರಿದವು. ನಮ್ಮ ಗುಲಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಅಂದೇ ಆಂಧ್ರಕ್ಕೆ ಹೋದವು. ಸೇಡಂ ಕಡೆಯ ಹಳ್ಳಿಗಳಿಗೆ ಅತ್ತ ಕಡೆ ಬೀಗತನವಿದ್ದದ್ದು ಇದ್ದೇ ಇತ್ತು. ನಕಾಶೆಯ ಗೆರೆ ಮಾತ್ರ ನಡುವೆ ಬಂದಿತು.

ಈ ಮೂರು ಪಾಲಿನಲ್ಲಿ ಯಾವ ಪಾಲು ಬೇಕೆಂದು ಒಬ್ಬ ಮತದಾರನನ್ನೂ ಪೆಟ್ಟಿಗೆ ಇಟ್ಟು ಕೇಳಲಿಲ್ಲ. ಹಿರಿಯರು ಕನ್ನಡದ ಮೇಲಿನ ಪ್ರೀತಿಯಿಂದ ಒಪ್ಪಿ ಬಂದರು. ಏಕೀಕರಣಕ್ಕಾಗಿ ದುಡಿದ ಮಹನೀಯರ ತ್ಯಾಗ ದೊಡ್ಡದು, ಅದಕ್ಕೆ ನನ್ನ ನಮನ. ಆದರೆ ಅತ್ತ ಹಳೆಯ ಮೈಸೂರಿನಲ್ಲಿಯೂ ಎಲ್ಲರೂ ನಮ್ಮನ್ನು ಆರತಿ ಎತ್ತಿ ಬರಮಾಡಿಕೊಳ್ಳಲಿಲ್ಲ. ಹಿಂದುಳಿದ ಜಿಲ್ಲೆಗಳ ಹೊರೆ ತಮ್ಮ ಮೇಲೆ ಬೀಳುವುದೆಂದು ಅಂಜಿ, ಕನ್ನಡಕ್ಕೆ ಎರಡು ರಾಜ್ಯಗಳಿದ್ದರೇನು ಎಂದು ವಾದಿಸಿದವರು ಅಲ್ಲಿದ್ದರು. ಕೆಂಗಲ್ ಹನುಮಂತಯ್ಯನವರಂಥವರು ಆ ಅಂಜಿಕೆಯನ್ನು ಮೀರಿ ಏಕೀಕರಣದ ಪರ ನಿಂತರು. ಬೇರೆಯಾಗಿರೋಣ ಎನ್ನುವ ಮಾತು ಈ ರಾಜ್ಯ ಹುಟ್ಟುವ ಮೊದಲೇ, ಅದೂ ದಕ್ಷಿಣದಲ್ಲಿ ಕೇಳಿಬಂದಿತ್ತು. ಆದ್ದರಿಂದ ಈಗ ನಮ್ಮ ಹುಡುಗನೊಬ್ಬ ಅದೇ ಮಾತನ್ನಾಡಿದ ಕೂಡಲೇ ಅವನನ್ನು ನಾಡದ್ರೋಹಿ ಎಂದು ಬೈಯುವುದು ಇತಿಹಾಸ ಓದದವರ ಲಕ್ಷಣ.

ಅವನ ದೂರು ಸುಳ್ಳೂ ಅಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ಲೆಕ್ಕ ಹಾಕಿತು. ಆ 39ರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು. ಚಿತ್ತಾಪುರ, ಸೇಡಂ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿ ಒಂದರ ಪಕ್ಕ ಒಂದು ಕುಳಿತಿವೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಮಿತಿ ಸೂಚಿಸಿತ್ತು. ಎಂಟು ವರ್ಷಗಳು ಕಳೆದವು, ಇಪ್ಪತ್ತೂ ಕಳೆದವು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಫಲಿತಾಂಶದೊಂದಿಗೆ ಮೊದಲನೆಯದಾಯಿತು. ಕಲಬುರಗಿ ಶೇ. 42.43ರೊಂದಿಗೆ ಕೊನೆಯದಾಯಿತು. ಜೀವಮಾನವೆಲ್ಲ ಈ ಜಿಲ್ಲೆಯ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತವನಿಗೆ ಈ ಅಂಕಿ ಓದುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ.

ಹಾಗಾದರೆ ಬೇರೆಯಾಗುವುದೇ ಮದ್ದಲ್ಲವೇ ಎಂದು ನೀವು ಕೇಳಬಹುದು. ಆ ಪಕ್ಷದ ವಾದಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ದೂರದ ವಾದ. ಕಲಬುರಗಿಯಿಂದ ಬೆಂಗಳೂರು ಸುಮಾರು ಆರುನೂರು ಕಿಲೋಮೀಟರ್, ಹೈದರಾಬಾದು ಸುಮಾರು ಇನ್ನೂರ ಇಪ್ಪತ್ತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಕಾಲದಲ್ಲಿ, 1874ರಲ್ಲಿಯೇ ರೈಲು ಓಡಿತು. ಕಾಯಿಲೆಯಾದರೆ, ಮದುವೆಯ ಬಟ್ಟೆ ಬೇಕಾದರೆ ನಾವು ಇಂದಿಗೂ ಹತ್ತುವುದು ಅತ್ತ ಹೋಗುವ ಗಾಡಿಯನ್ನೇ. ಆದರೆ ಉತ್ತರ ಕರ್ನಾಟಕ ರಾಜ್ಯವಾದರೆ ರಾಜಧಾನಿ ಎಲ್ಲಿ? ಬೆಳಗಾವಿಯವರು ಬೆಳಗಾವಿ ಎನ್ನುವರು, ಹುಬ್ಬಳ್ಳಿಯವರು ಹುಬ್ಬಳ್ಳಿ ಎನ್ನುವರು. ಎರಡೂ ನಮ್ಮಿಂದ ಮುನ್ನೂರು ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿ ನಿಲ್ಲಿಸಿದರಲ್ಲ, ಅದರ ಮೆಟ್ಟಿಲನ್ನು ರಾವೂರಿನ ಎಷ್ಟು ಜನ ಹತ್ತಿದ್ದಾರೆ? ಇನ್ನು ಕಲ್ಯಾಣ ಕರ್ನಾಟಕವೇ ಒಂದು ರಾಜ್ಯವಾಗಲಿ ಎನ್ನುವವರಿಗೆ ನನ್ನ ಪ್ರಶ್ನೆ: ಚಿಂಚೋಳಿಯ ತಾಂಡೆಯಿಂದ ತಾಲ್ಲೂಕು ಕಚೇರಿಗೆ ಹೋಗಿ ಒಂದು ಉತಾರಿ ತರಲು ಮೂರು ದಿನ ಅಲೆಯುವವನಿಗೆ ದೂರವಾಗಿರುವುದು ಬೆಂಗಳೂರೋ, ಚಿಂಚೋಳಿಯೋ?

ಎರಡನೆಯದು, ನಮ್ಮವರೇ ಆಳಿದರೆ ಎಲ್ಲವೂ ಸರಿಹೋಗುವುದೆಂಬ ವಾದ. ಚಿಂಚೋಳಿಯ ಮಣ್ಣಿನಿಂದ ಎದ್ದ ವೀರೇಂದ್ರ ಪಾಟೀಲರು ಎರಡು ಬಾರಿ ಮುಖ್ಯಮಂತ್ರಿಯಾದರು, 1968ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ. ಜೇವರ್ಗಿಯ ಧರ್ಮಸಿಂಗ್ ಅವರು 2004ರಲ್ಲಿ ಮುಖ್ಯಮಂತ್ರಿಯಾದರು. ಎಲ್ಲ ಪಕ್ಷಗಳ ಸರ್ಕಾರಗಳಲ್ಲಿಯೂ ನಮ್ಮ ಭಾಗದ ಮಂತ್ರಿಗಳಿದ್ದರು. ಅವರ ಸೇವೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಕುರ್ಚಿಯಲ್ಲಿ ನಮ್ಮವರು ಕುಳಿತ ಮಾತ್ರಕ್ಕೆ ಪಟ್ಟಿಯ ತಳದಿಂದ ಮೇಲೇಳಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಪ್ರತ್ಯೇಕ ರಾಜ್ಯದ ಮಾತನ್ನು ಮೇಲಿಂದ ಮೇಲೆ ಆಡುತ್ತಿದ್ದ ದಿವಂಗತ ಉಮೇಶ ಕತ್ತಿಯವರು, 2022ರಲ್ಲಿ ಅದನ್ನು ಮತ್ತೆ ಆಡಿದಾಗ ಮಂತ್ರಿಯಾಗಿಯೇ ಇದ್ದರು. ಮಂತ್ರಿಮಂಡಲದೊಳಗೆ ಕುಳಿತು ಕೇಳಬೇಕಾದುದನ್ನು ಹೊರಗೆ ಬಂದು ಮೈಕಿನ ಮುಂದೆ ಕೇಳುವುದು ನಮ್ಮ ರಾಜಕಾರಣದ ಹಳೆಯ ಚಾಳಿ.

ಮೂರನೆಯದು ಹಣದ ವಾದ. "ನಮ್ಮ ದುಡ್ಡು ಬೆಂಗಳೂರು ನುಂಗುತ್ತಿದೆ" ಎನ್ನುತ್ತಾರೆ. ರಾಜ್ಯದ ವರಮಾನದಲ್ಲಿ ಅತಿ ದೊಡ್ಡ ಪಾಲು ಹುಟ್ಟುವುದೇ ಬೆಂಗಳೂರಿನಲ್ಲಿ. ಗೆರೆ ಎಳೆದುಕೊಂಡರೆ ಆ ಪಾಲಿನ ಮೇಲಿನ ಹಕ್ಕನ್ನು ನಾವೇ ಬಿಟ್ಟುಕೊಟ್ಟಂತೆ. ಆ ನಗರವನ್ನು ಕಟ್ಟಿದವರು ಯಾರು? ನಮ್ಮ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಗಂಡಾಳು ಹೆಣ್ಣಾಳುಗಳು ತಗಡಿನ ಶೆಡ್ಡಿನಲ್ಲಿದ್ದು, ಕೂಸನ್ನು ಮರಳಿನ ಗುಡ್ಡೆಯ ಮೇಲೆ ಮಲಗಿಸಿ, ಬುಟ್ಟಿ ಹೊತ್ತು ಅಲ್ಲಿನ ಮಹಡಿಗಳನ್ನು ಎಬ್ಬಿಸಿದ್ದಾರೆ. ಶಹಾಬಾದಿನ ಪರ್ಸಿ ಕಲ್ಲು, ವಾಡಿಯ ಸಿಮೆಂಟು ಎಷ್ಟು ಊರುಗಳ ಮನೆಗಳಿಗೆ ನೆಲವಾಗಿ ಗೋಡೆಯಾಗಿ ಹೋಗಿವೆ! ಅಣ್ಣತಮ್ಮಂದಿರು ಕೂಡಿ ಕಟ್ಟಿದ ಮನೆಯಲ್ಲಿ ನಮಗೆ ಪಡಸಾಲೆಯಲ್ಲಿ ಜಾಗ ಕೊಡುತ್ತಿಲ್ಲವೆಂದು ಸಿಟ್ಟಾಗಿ, ಪಾಲನ್ನೂ ಕೇಳದೆ ಹಿತ್ತಿಲ ಬಾಗಿಲಿನಿಂದ ಹೊರಟುಹೋಗುವುದು ಜಾಣತನವೇ? ಬೆಂಗಳೂರು ನಮ್ಮದೂ ಹೌದು. ಅದನ್ನು ಬಿಟ್ಟುಕೊಡಲು ನನ್ನ ಒಪ್ಪಿಗೆಯಿಲ್ಲ.

ನಾಲ್ಕನೆಯದು ತೆಲಂಗಾಣದ ಮಾದರಿ. 2014ರ ಜೂನ್ 2ರಂದು ತೆಲಂಗಾಣ ಉದಯಿಸಿದಾಗ ನಮ್ಮ ಗಡಿಯ ಈಚೆ ಅನೇಕರ ಎದೆಯಲ್ಲಿ ಆಸೆ ಚಿಗುರಿತು. ಅದು ಸಹಜ. ಒಂದೇ ನಿಜಾಮನ ಪ್ರಜೆಗಳಾಗಿದ್ದವರಲ್ಲವೇ ನಾವು? ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ತೆಲಂಗಾಣದವರು ಹೊರಬಂದಾಗ ಹೈದರಾಬಾದು ನಗರ ಅವರ ಮಡಿಲಿನಲ್ಲಿಯೇ ಇತ್ತು, ವಿಭಜನೆಯಿಂದ ರಾಜಧಾನಿ ಕಳೆದುಕೊಂಡವರು ಆಂಧ್ರದವರು. ನಾವು ಹೊರಟರೆ ನಮ್ಮ ಸ್ಥಿತಿ ಆಂಧ್ರದವರದು, ತೆಲಂಗಾಣದವರದಲ್ಲ. ಅವರ ಹೋರಾಟದಿಂದ ಕಲಿಯಬೇಕಾದ ಪಾಠ ಬೇರೆಯೇ ಇದೆ. 1956ರಲ್ಲಿ ಎರಡೂ ಕಡೆಯ ನಾಯಕರು ಕೂಡಿ ಬರೆದುಕೊಂಡ ಒಪ್ಪಂದವನ್ನು ಪಾಲಿಸದೆ ಹೋದದ್ದರಿಂದಲೇ 1969ರಲ್ಲಿ ಅಲ್ಲಿ ಬೆಂಕಿ ಹೊತ್ತಿತು. ಬೆಂಗಳೂರಿನ ಆಡಳಿತಗಾರರು ಓದಿಕೊಳ್ಳಬೇಕಾದ ಅಧ್ಯಾಯ ಅದು.

ನಮಗೂ ಒಂದು ಒಪ್ಪಂದಪತ್ರವಿದೆ, ಅದೂ ಸಂವಿಧಾನದಲ್ಲಿಯೇ. ಚಿಂಚೋಳಿಯನ್ನು ಪ್ರತಿನಿಧಿಸಿದ್ದ ವೈಜನಾಥ ಪಾಟೀಲರು ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಒಮ್ಮೆ ಕೇಂದ್ರ ಸರ್ಕಾರ ಆ ಬೇಡಿಕೆಯನ್ನು ತಳ್ಳಿಹಾಕಿತ್ತು. ಮುಂದೆ ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಮೊದಲಾದವರು ಸಂಸತ್ತಿನಲ್ಲಿ ಪ್ರಯತ್ನಿಸಿ, 2012ರ ಡಿಸೆಂಬರಿನಲ್ಲಿ ತಿದ್ದುಪಡಿ ಅಂಗೀಕಾರವಾಗಿ, 371(ಜೆ) ವಿಧಿ ಜಾರಿಗೆ ಬಂದಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ ರಚನೆಯಾಯಿತು. ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ದರ್ಜೆಗೆ ತಕ್ಕಂತೆ ಶೇ. 75ರಿಂದ 85ರವರೆಗೆ ಮೀಸಲು, ಇಲ್ಲಿನ ಕಾಲೇಜುಗಳಲ್ಲಿ ಶೇ. 70 ಸೀಟು, ರಾಜ್ಯದ ಇತರೆಡೆ ಶೇ. 8. ನಿಮ್ಮಲ್ಲಿ ಕೆಲವರ ಮಕ್ಕಳು ಇಂದು ವೈದ್ಯರಾಗಿ, ಎಂಜಿನಿಯರರಾಗಿ ನಿಂತಿದ್ದರೆ ಅದರ ಹಿಂದೆ ಈ ವಿಧಿಯ ಬಲವೂ ಇದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕರೆದಾಗ 5,000 ಹುದ್ದೆಗಳನ್ನು ಕಲ್ಯಾಣ ಕರ್ನಾಟಕಕ್ಕೆಂದೇ ಇಟ್ಟಿದ್ದರು. ಈ ವಿಧಿಯನ್ನು ಬರೆದಿರುವುದು ಕರ್ನಾಟಕ ರಾಜ್ಯಕ್ಕೆ. ರಾಜ್ಯ ಒಡೆದರೆ ಅದನ್ನು ಹೊಸದಾಗಿ ಬರೆಯಿಸಿಕೊಳ್ಳಬೇಕು. ಬರೆಯಿಸಿಕೊಳ್ಳಲಾಗದೆಂದು ನಾನು ಹೇಳುವುದಿಲ್ಲ. ಕೈಯಲ್ಲಿರುವ ಪತ್ರವನ್ನು ಪೂರ್ತಿ ಜಾರಿ ಮಾಡಿಸಿಕೊಳ್ಳದವರು ಹೊಸ ಪತ್ರದಿಂದ ಏನು ಸಾಧಿಸುವರು ಎಂಬುದಷ್ಟೇ ನನ್ನ ಪ್ರಶ್ನೆ.

ಇಷ್ಟು ಹೇಳಿದ ಮೇಲೆ, ಅಖಂಡ ಕರ್ನಾಟಕದ ಹೆಸರಿನಲ್ಲಿ ನಮಗೆ ಬುದ್ಧಿ ಹೇಳಲು ಬರುವವರ ಕಡೆ ತಿರುಗುತ್ತೇನೆ. ಇವರು ಬಂದ ಕೂಡಲೇ ಮಳಖೇಡದ ಹೆಸರು ಎತ್ತುತ್ತಾರೆ. ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗನ ಆಸ್ಥಾನ, ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡಿನ ಕಲ್ಪನೆ ಮೂಡಿದ್ದು ಇಲ್ಲಿಯೇ ಎನ್ನುತ್ತಾರೆ. ನಿಜ, ಕಾಗಿಣಾ ನದಿಯ ದಂಡೆಯ ಆ ಕೋಟೆ ನಮ್ಮ ಸೇಡಂ ತಾಲ್ಲೂಕಿನಲ್ಲಿಯೇ ಇದೆ, ನಮಗೂ ಅದರ ಅಭಿಮಾನವಿದೆ. ಆದರೆ ಮಾತೆತ್ತಿದರೆ ಕವಿರಾಜಮಾರ್ಗದ ನಾಡು ಎಂದು ಹೊಗಳುವವರು ಆ ನಾಡಿನ ಮಗುವಿಗೆ ಗಣಿತ ಕಲಿಸುವವರು ಯಾರೆಂದು ಕೇಳುವುದಿಲ್ಲ. ನಾನು ಸೇವೆಯಲ್ಲಿದ್ದ ಒಂದು ಪ್ರೌಢಶಾಲೆಯಲ್ಲಿ ಎರಡು ವರ್ಷ ಗಣಿತದ ಶಿಕ್ಷಕರೇ ಇರಲಿಲ್ಲ. ಸಮಾಜ ವಿಜ್ಞಾನದ ನಾನೇ ರಾತ್ರಿ ಲೆಕ್ಕ ಬಿಡಿಸಿಕೊಂಡು ಬೆಳಿಗ್ಗೆ ಹಲಗೆಯ ಮೇಲೆ ಬರೆಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಂದ ಶಿಕ್ಷಕರು ವರ್ಗಾವಣೆಯ ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡೇ ಬರುತ್ತಿದ್ದರು. ಅಂಥ ತರಗತಿಯಲ್ಲಿ ಕುಳಿತು ಅನುತ್ತೀರ್ಣನಾದ ಹುಡುಗನಿಗೆ ಏಕೀಕರಣದ ಮಹಿಮೆ ಹೇಳಿದರೆ ಅವನಿಗೆ ಹೇಗೆ ರುಚಿಸೀತು?

2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದು ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರು ಸುಂದರವಾಗಿದೆ, ಶರಣರ ನೆನಪನ್ನೂ ತರುತ್ತದೆ. ಆದರೆ ನಾಮಕರಣವನ್ನೇ ಕಲ್ಯಾಣವೆಂದು ತಿಳಿಯುವಷ್ಟು ಮುಗ್ಧರು ನಾವಲ್ಲ. ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 1,500 ಕೋಟಿ ಇದ್ದ ಅನುದಾನ 2022-23ರಲ್ಲಿ 3,000 ಕೋಟಿಯೆಂದೂ 2023-24ರಲ್ಲಿ 5,000 ಕೋಟಿಯೆಂದೂ ಘೋಷಣೆಯಾಯಿತು. ಸಂತೋಷ. ಆದರೆ ಘೋಷಣೆ ಒಂದು, ಬಿಡುಗಡೆ ಇನ್ನೊಂದು, ಖರ್ಚು ಮತ್ತೊಂದು, ಖರ್ಚಿನಿಂದ ಆದ ಪ್ರಯೋಜನ ಬೇರೆಯೇ ಇನ್ನೊಂದು. ಈ ನಾಲ್ಕು ಅಂಕಣಗಳನ್ನು ಒಂದೇ ಹಾಳೆಯ ಮೇಲೆ ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದ ದಿನ, ಪ್ರತ್ಯೇಕ ಬಾವುಟಕ್ಕೆ ಕೋಲು ಹಿಡಿಯುವವರು ತಾವಾಗಿಯೇ ಕಡಿಮೆಯಾಗುತ್ತಾರೆ.

ನಂಜುಂಡಪ್ಪ ವರದಿಯ ಇನ್ನೊಂದು ಅಂಕಿಯನ್ನು ಎರಡೂ ಪಕ್ಷದವರು ಮರೆಮಾಚುತ್ತಾರೆ. 114 ಹಿಂದುಳಿದ ತಾಲ್ಲೂಕುಗಳಲ್ಲಿ 59 ಉತ್ತರದವು, 55 ದಕ್ಷಿಣದವು. ಬಡತನ ತುಂಗಭದ್ರೆಯನ್ನು ದಾಟಿ ಆಚೆಗೂ ಹೋಗಿದೆ. ಅತ್ಯಂತ ಹಿಂದುಳಿದವುಗಳಲ್ಲಿ ನಮ್ಮ ಪಾಲು ಹೆಚ್ಚೆಂಬುದು ದಿಟ. ಆದರೆ ದಕ್ಷಿಣದ ಆ 55 ತಾಲ್ಲೂಕುಗಳ ಜನ ನಮ್ಮ ವೈರಿಗಳಲ್ಲ, ನಮ್ಮಂತೆಯೇ ಲೆಕ್ಕ ಕೇಳಬೇಕಾದವರು. ಗೆರೆ ಎಳೆದರೆ ಆ ಜೊತೆಗಾರರನ್ನೂ ಕಳೆದುಕೊಳ್ಳುತ್ತೇವೆ.

ಕೊನೆಯದಾಗಿ ಮತದಾರನ ಮಾತು. ನಮ್ಮ ಸಂವಿಧಾನದ 3ನೆಯ ವಿಧಿಯಂತೆ ಹೊಸ ರಾಜ್ಯ ರಚಿಸುವ ಅಧಿಕಾರ ಸಂಸತ್ತಿನದು. ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯ ಕೇಳಿದರೆ ಸಾಕು, ಅದನ್ನು ಒಪ್ಪಲೇಬೇಕೆಂದೂ ಇಲ್ಲ. ಜನಮತದ ಮಾತೇ ಅಲ್ಲಿಲ್ಲ. ಆದರೂ ನೆರೆಯ ಗೋವೆಯಲ್ಲಿ 1967ರ ಜನವರಿ 16ರಂದು, ಮಹಾರಾಷ್ಟ್ರದಲ್ಲಿ ವಿಲೀನವಾಗುವುದೋ ಬೇಡವೋ ಎಂದು ಜನರನ್ನೇ ಕೇಳಿದರು. ಸುಮಾರು 34 ಸಾವಿರ ಮತಗಳ ಅಂತರದಿಂದ ಗೋವೆಯವರು ಬೇಡವೆಂದರು, ಅದೇ ಅಂತಿಮವಾಯಿತು. ಬ್ರಿಟನ್ನಿನಲ್ಲಿ 2016ರ ಜೂನ್ 23ರಂದು ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಕೇಳಿದರು. ಬಿಡಬೇಕೆಂದವರು ಶೇ. 51.9, ಇರಬೇಕೆಂದವರು ಶೇ. 48.1. ಆಸ್ಪತ್ರೆ, ಕೂಲಿ, ವಲಸೆ ಎಂದು ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಚಿಂತೆಯಿತ್ತು. ಚೀಟಿಯ ಮೇಲೆ ಮಾತ್ರ ಇದ್ದದ್ದು ಎರಡೇ ಉತ್ತರ. ಇಬ್ಬರು ಪ್ರಧಾನಿಗಳು ಅಧಿಕಾರ ಬಿಟ್ಟಿಳಿದು, ಮೂರೂವರೆ ವರ್ಷ ಜಗ್ಗಾಡಿ, 2020ರ ಜನವರಿ 31ರಂದು ಅವರು ಹೊರಬಂದರು. ಆದರೆ ಅಲ್ಲಿ ಕೇಳಿಯಾದರೂ ಕೇಳಿದರು. ನಮ್ಮಲ್ಲಿ ಬೇರೆಯಾಗಬೇಕೆನ್ನುವವರೂ ಕೇಳಿಲ್ಲ, ಕೂಡಿರಬೇಕೆನ್ನುವವರೂ ಕೇಳಿಲ್ಲ. 2018ರ ಆಗಸ್ಟ್ 2ರಂದು ಉತ್ತರ ಕರ್ನಾಟಕ ಬಂದ್‌ಗೆ ಕರೆ ಕೊಟ್ಟಾಗ ಜನ ಅಂಗಡಿ ತೆರೆದು, ಬಸ್ಸು ಹತ್ತಿ, ತಮ್ಮ ಉತ್ತರವನ್ನು ತಾವೇ ಕೊಟ್ಟರು. ಅದನ್ನು ಬೆಂಗಳೂರಿಗೆ ಸಿಕ್ಕ ಪ್ರಶಸ್ತಿಪತ್ರವೆಂದು ಯಾರೂ ತಿಳಿಯಬಾರದು. ಜನ ಬಂದ್‌ಗೆ ಒಲ್ಲೆನೆಂದರು, ಅನ್ಯಾಯಕ್ಕೆ ಒಪ್ಪಿಗೆ ಕೊಡಲಿಲ್ಲ.

ಇಲಿ ಹೆಚ್ಚಾಯಿತೆಂದು ಮನೆಗೆ ಬೆಂಕಿ ಹಚ್ಚಬಾರದು, ಸರಿ. ಆದರೆ ಮನೆ ಚೆನ್ನಾಗಿದೆಯೆಂದು ಹಾಡಿಕೊಂಡು ಇಲಿಗಳನ್ನು ಬಿಟ್ಟುಬಿಡುವುದೂ ಸಲ್ಲದು. ಆದ್ದರಿಂದ ನನ್ನ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಾರಿ ಯಾವ ಪಕ್ಷದವರೇ ಮತ ಕೇಳಲು ಬರಲಿ, ಪ್ರತ್ಯೇಕವೋ ಅಖಂಡವೋ ಎಂಬ ಚರ್ಚೆಗೆ ಬೀಳಬೇಡಿರಿ. ನಮ್ಮೂರಿನ ಶಾಲೆಯಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳೆಷ್ಟು, ತುಂಬಿದವೆಷ್ಟು? ಮಂಡಳಿಯ ಹಣದಲ್ಲಿ ನಮ್ಮ ತಾಲ್ಲೂಕಿಗೆ ಬಂದದ್ದೆಷ್ಟು, ಮುಗಿದ ಕೆಲಸಗಳಾವುವು? 371(ಜೆ) ಮೀಸಲಿನ ಹುದ್ದೆಗಳಲ್ಲಿ ಇನ್ನೂ ಖಾಲಿಯಿರುವವೆಷ್ಟು? ಈ ಮೂರನ್ನೇ ಕೇಳಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅರ್ಜಿ ಬರೆಯುವ ಕ್ರಮವನ್ನು ಹತ್ತನೆಯ ತರಗತಿಯಲ್ಲಿ ನಿಮಗೆ ಕಲಿಸಿದ್ದೇವೆ, 'ಇಂದ', 'ಇವರಿಗೆ', 'ವಿಷಯ' ಎಲ್ಲವನ್ನೂ ಸೇರಿಸಿ. ಮರೆತಿದ್ದರೆ ನನಗೆ ಫೋನು ಮಾಡಿರಿ. ನಿವೃತ್ತನಾದ ಮೇಲೆ ನನಗೆ ಸಮಯಕ್ಕೆ ಕೊರತೆಯಿಲ್ಲ.

ಬೆಂಗಳೂರಿನಲ್ಲಿರುವವರು ಮತದಾನದ ದಿನ ತಪ್ಪದೆ ಊರಿಗೆ ಬನ್ನಿರಿ. ಎಲ್ಲರಿಗೂ ಶುಭವಾಗಲಿ.